‘ಸಮಾಜದ ದೋಷ’ವೆಂಬ ಅಡಗುದಾಣ

ನಮ್ಮ ಕನ್ನಡ ಶಾಲೆಗಳ ಉತ್ತರಪತ್ರಿಕೆಗಳಲ್ಲಿ ಒಂದು ವಾಕ್ಯವು ಬಹುಕಾಲದಿಂದ ಬೇರೂರಿ ನಿಂತಿದೆ. ಬಡವರ, ಕೀಳೆನಿಸಿಕೊಂಡವರ ಬಾಳನ್ನು ಕುರಿತ ಯಾವ ನಾಟಕವನ್ನೇ ಕೊಟ್ಟು ತಾತ್ಪರ್ಯ ಬರೆಯಲು ಹೇಳಿರಿ. ‘ಈ ನಾಟಕದಲ್ಲಿ ಕವಿಗಳು ಸಮಾಜದ ದೋಷಗಳನ್ನು ಎತ್ತಿ ತೋರಿಸಿದ್ದಾರೆ’ ಎಂದು ವಿದ್ಯಾರ್ಥಿಯು ಬರೆಯುತ್ತಾನೆ. ಶಿಕ್ಷಕರು ಕೆಂಪು ಮಸಿಯಿಂದ ಸರಿಯೆಂದು ಗುರುತು ಹಾಕುತ್ತಾರೆ. ನಾಟಕವೂ ಮುಗಿಯಿತು, ಪಾಠವೂ ಮುಗಿಯಿತು, ಹೊಣೆಯೂ ಮುಗಿಯಿತು! ಈ ಉತ್ತರವು ಅಪೂರ್ಣವಷ್ಟೇ ಅಲ್ಲ, ಅಪಾಯಕರವೂ ಆಗಿದೆ ಎಂಬುದೇ ನಮ್ಮ ವಾದ.

ಸಮಾಜವೆಂದರೆ ಯಾರು? ಅದಕ್ಕೆ ಹೆಸರಿಲ್ಲ, ಮನೆಯಿಲ್ಲ. ಅದನ್ನು ಕರೆದು ನಿಲ್ಲಿಸಿ ‘ಹೀಗೇಕೆ ಮಾಡಿದೆ?’ ಎಂದು ಕೇಳುವಂತಿಲ್ಲ. ಎಲ್ಲರದೂ ತಪ್ಪೆಂದರೆ ಯಾರದೂ ತಪ್ಪಲ್ಲವೆಂದೇ ಅರ್ಥ. ಒಳ್ಳೆಯ ನಾಟಕಕಾರನು ಇಂಥ ಮಾತಿಗೆ ಎಂದೂ ತೃಪ್ತನಾಗುವುದಿಲ್ಲ. ಆತನು ರಂಗದ ಮೇಲೆ ಮನುಷ್ಯರನ್ನು ತಂದು ನಿಲ್ಲಿಸುತ್ತಾನೆ. ‘ಸಮಾಜ’ ಎಂಬ ಪಾತ್ರವನ್ನಲ್ಲ.

ಕುವೆಂಪು ಅವರ ‘ಶೂದ್ರ ತಪಸ್ವಿ’ಯನ್ನೇ ನೋಡೋಣ. 1944ರಲ್ಲಿ ಪ್ರಕಟವಾದ ಈ ನಾಟಕಕ್ಕೆ ಆಧಾರವು ರಾಮಾಯಣದ ಉತ್ತರಕಾಂಡದಲ್ಲಿ ಬರುವ ಶಂಬೂಕನ ಕಥೆ. ಬ್ರಾಹ್ಮಣನೊಬ್ಬನ ಮಗನು ಅಕಾಲದಲ್ಲಿ ಮರಣ ಹೊಂದುತ್ತಾನೆ. ಶೂದ್ರನೊಬ್ಬನು ತಪಸ್ಸು ಮಾಡುತ್ತಿರುವುದೇ ಕಾರಣವೆಂದು ನಿರ್ಣಯವಾಗುತ್ತದೆ. ರಾಮನು ಆ ತಪಸ್ವಿಯ ತಲೆಯನ್ನು ಕತ್ತರಿಸುತ್ತಾನೆ. ಇದು ಹಳೆಯ ಕಥೆ. ಕುವೆಂಪು ಅವರ ನಾಟಕದಲ್ಲಿಯೂ ರಾಮನು ಅಸ್ತ್ರವನ್ನು ಪ್ರಯೋಗಿಸುತ್ತಾನೆ. ಆದರೆ ಅದು ತಪಸ್ವಿಯನ್ನು ಕೊಲ್ಲುವುದಿಲ್ಲ. ನಿಜವಾದ ತಪ್ಪಿತಸ್ಥನನ್ನು ಅರಸಿ, ದೂರು ತಂದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ತನ್ನ ತಪ್ಪನ್ನರಿತು ಆ ತಪಸ್ವಿಗೆ ತಲೆಬಾಗಿದಾಗಲೇ ಅವನಿಗೆ ಉಳಿವು.

ಹಳೆಯ ಕಥೆಯನ್ನು ಹೀಗೆ ಮಾರ್ಪಡಿಸುವುದು ಸರಿಯಲ್ಲವೆಂದು ಮಾಸ್ತಿಯವರಂಥ ಹಿರಿಯರೇ ಆಕ್ಷೇಪಿಸಿದ್ದರು. ಆ ಚರ್ಚೆಯನ್ನು ನಾವಿಲ್ಲಿ ಮತ್ತೆ ಎತ್ತುವುದಿಲ್ಲ. ನಮಗೆ ಮುಖ್ಯವಾದುದು ಬಾಣದ ಗುರಿ. ಅದು ‘ವರ್ಣವ್ಯವಸ್ಥೆ’ ಎಂಬ ಶಬ್ದವನ್ನು ಹುಡುಕಿಕೊಂಡು ಆಕಾಶದಲ್ಲಿ ಅಲೆಯಲಿಲ್ಲ. ಮಾನ್ಯನೂ ದುಃಖಿತನೂ ಆದ, ನೋಡುವವರ ಕನಿಕರಕ್ಕೂ ಪಾತ್ರನಾದ ಒಬ್ಬ ಮನುಷ್ಯನ ಬೆನ್ನು ಹತ್ತಿತು. ತನ್ನ ದುಃಖದ ಕಾರಣವನ್ನು ತನಗಿಂತ ಕೆಳಗಿನವನ ತಲೆಗೆ ಕಟ್ಟಿದ್ದೇ ಅವನ ಅಪರಾಧ.

ಹೆಚ್ಚುಕಡಮೆ ಅದೇ ಕಾಲದಲ್ಲಿ, ಏಳು ಸಮುದ್ರದಾಚೆಯ ಇಂಗ್ಲೆಂಡಿನಲ್ಲಿ, ಜೆ. ಬಿ. ಪ್ರೀಸ್ಟ್‌ಲೀ ಎಂಬ ನಾಟಕಕಾರನು ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಎತ್ತಿದನು. ಅವನ ‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’ 1945ರಲ್ಲಿ ರಷ್ಯದಲ್ಲಿಯೂ 1946ರಲ್ಲಿ ಲಂಡನ್ನಿನಲ್ಲಿಯೂ ರಂಗವನ್ನೇರಿತು. ಕಥೆಯು 1912ರದು. ಶ್ರೀಮಂತ ಗಿರಣಿಯ ಒಡೆಯನೊಬ್ಬನ ಮನೆಯಲ್ಲಿ ಮಗಳ ಮದುವೆ ಗೊತ್ತಾದ ಸಂತೋಷದ ಔತಣ ನಡೆದಿದೆ. ಅಷ್ಟರಲ್ಲಿ ಪೊಲೀಸು ಅಧಿಕಾರಿಯೊಬ್ಬನು ಬಂದು, ಬಡ ಕೆಲಸದ ಹುಡುಗಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳೆಂದು ತಿಳಿಸಿ, ಮನೆಯವರನ್ನು ಒಬ್ಬೊಬ್ಬರನ್ನಾಗಿ ಪ್ರಶ್ನಿಸತೊಡಗುತ್ತಾನೆ. ವಾರಕ್ಕೆ ಇಪ್ಪತ್ತೆರಡೂವರೆ ಶಿಲಿಂಗು ಪಡೆಯುತ್ತಿದ್ದ ಕೆಲಸಗಾರರು 25 ಕೇಳಿದರು. ಮುಂದಾಳುಗಳಲ್ಲಿ ಒಬ್ಬಳಾದ ಅವಳನ್ನು ಒಡೆಯನು ಹೊರಹಾಕಿದನು. ಅವನ ಮಗಳು ಕ್ಷಣದ ಸಿಟ್ಟಿನಲ್ಲಿ ಅಂಗಡಿಯ ಕೆಲಸವನ್ನೂ ತಪ್ಪಿಸಿದಳು. ಮಗನೂ ಭಾವೀ ಅಳಿಯನೂ ಅವಳ ಅಸಹಾಯತೆಯನ್ನು ಬಳಸಿಕೊಂಡರು. ಕೊನೆಗೆ ಸಹಾಯ ಬೇಡಿ ಬಂದಾಗ, ಧರ್ಮಸಂಸ್ಥೆಯ ಸಮಿತಿಯಲ್ಲಿದ್ದ ಒಡೆಯನ ಹೆಂಡತಿಯೇ ಬಾಗಿಲು ಮುಚ್ಚಿಸಿದಳು. ಇವರಲ್ಲಿ ಯಾರೂ ಕೊಲೆಗಾರರಲ್ಲ. ಆದರೂ ಹುಡುಗಿ ಸತ್ತಳು.

ಈ ನಾಟಕದ ಒಡೆಯನು ತನ್ನನ್ನು ಕಾಪಾಡಿಕೊಳ್ಳುವ ಬಗೆಯನ್ನು ಗಮನಿಸಬೇಕು. ಪ್ರತಿಯೊಬ್ಬನೂ ತನ್ನದನ್ನು ತಾನು ನೋಡಿಕೊಂಡರಾಯಿತು, ಸಮಾಜ ಗಿಮಾಜವೆಲ್ಲ ಹುಚ್ಚರ ಮಾತು ಎಂಬುದು ಅವನ ನಂಬುಗೆ. ನಮ್ಮ ಉತ್ತರಪತ್ರಿಕೆಯಾದರೋ ಎಲ್ಲವೂ ಸಮಾಜದ್ದೇ ತಪ್ಪು ಎನ್ನುತ್ತದೆ. ಒಬ್ಬನು ಸಮಾಜವೇ ಇಲ್ಲವೆಂದು ಪಾರಾಗುತ್ತಾನೆ, ಇನ್ನೊಬ್ಬನು ಸಮಾಜದ ಬೆನ್ನ ಹಿಂದೆ ಅಡಗಿ ಪಾರಾಗುತ್ತಾನೆ. ದಾರಿ ಬೇರೆ, ಸೇರುವ ಊರು ಒಂದೇ.

‘ಕೆಟ್ಟ ಏರ್ಪಾಡಿನಲ್ಲಿ ಒಬ್ಬೊಬ್ಬನನ್ನು ದೂಷಿಸಿ ಏನು ಫಲ? ಬದಲಾಗಬೇಕಾದುದು ಏರ್ಪಾಡು’ ಎಂದು ಕೆಲವರು ವಾದಿಸಬಹುದು. ಏರ್ಪಾಡು ಬದಲಾಗಬೇಕೆಂಬುದನ್ನು ಒಪ್ಪುತ್ತೇವೆ. ಆದರೆ ಏರ್ಪಾಡು ಮಳೆಯಂತೆ ಮೇಲಿನಿಂದ ಬಿದ್ದುದಲ್ಲ. ಕೈಗಳು ಮಾಡಿದ್ದು, ಕೈಗಳೇ ನಡೆಸುತ್ತಿರುವುದು. ಆ ಎರಡೂವರೆ ಶಿಲಿಂಗನ್ನು ನಿರಾಕರಿಸಿದ್ದು ಒಂದು ಬಾಯಿ. ಹುಡುಗಿಯ ಹೆಸರನ್ನು ಹೊಡೆದುಹಾಕಿದ್ದು ಒಂದು ಲೇಖನಿ.

ನಾವಿರುವ ಗೋವೆಯ ನೆಲದಲ್ಲಿಯೇ ಇದಕ್ಕೆ ನಿದರ್ಶನವಿದೆ. ಇಲ್ಲಿ ಭಾಟಕಾರನೆಂದರೆ ಜಮೀನಿನ ಒಡೆಯ. ಮುಂಡಕಾರನೆಂದರೆ ಅವನ ನೆಲದಲ್ಲಿ ಮನೆ ಮಾಡಿಕೊಂಡು ಅವನ ಮರ್ಜಿಯಲ್ಲಿ ಬಾಳಿದವನು. ಒಡೆಯನ ಮುನಿಸೊಂದೇ ಮುಂಡಕಾರನನ್ನು ಬೀದಿಗೆ ತರಲು ಸಾಕಾಗಿತ್ತು. 1975ರಲ್ಲಿ ಮುಂಡಕಾರರನ್ನು ಒಕ್ಕಲೆಬ್ಬಿಸದಂತೆ ರಕ್ಷಿಸುವ ಕಾನೂನು ಬಂದಿತು. ಆದರೆ ಕಾನೂನಿಗಿಂತ ಎಷ್ಟೋ ಮೊದಲೇ ಕೊಂಕಣಿಯ ತಿಯಾತ್ರ ರಂಗಭೂಮಿಯು ಈ ವಿಷಯವನ್ನು ಎತ್ತಿಕೊಂಡಿತ್ತು. ತಿಯಾತ್ರವು 1892ರಲ್ಲಿ ಹುಟ್ಟಿದ್ದು ಗೋವೆಯಲ್ಲಲ್ಲ, ಹೊಟ್ಟೆಪಾಡಿಗಾಗಿ ಗೋವೆಯವರು ವಲಸೆ ಹೋಗಿದ್ದ ಮುಂಬಯಿಯಲ್ಲಿ. ಅದರ ಆದ್ಯರಲ್ಲಿ ಒಬ್ಬರಾದ ಜುವಾಂವ್ ಆಗೊಸ್ತಿನ್ಯೊ ಫೆರ್ನಾಂಡಿಸರು ತಮ್ಮ ನಾಟಕವೊಂದಕ್ಕೆ ‘ಭಾಟಕಾರ’ ಎಂದೇ ಹೆಸರಿಟ್ಟರು. ‘ಸಮಾಜ’ ಎಂದಿಡಲಿಲ್ಲ. ನೋಡುವವರಿಗೆ ಮನುಷ್ಯನು ಕಾಣಬೇಕೆಂಬುದು ಅವರಿಗೆ ತಿಳಿದಿತ್ತು.

ಅವರು ಮುಂಬಯಿಗೆ ಹೋದಂತೆ ನಮ್ಮವರು ಗೋವೆಗೆ ಬಂದರು. ಮುರಗಾವ ಬಂದರಿನಲ್ಲಿ ಹೊರೆ ಹೊತ್ತವರು, ಗಣಿಗಳಲ್ಲಿ ಮಣ್ಣು ಅಗೆದವರು, ಕಟ್ಟಡಗಳಿಗೆ ಕಲ್ಲು ಸಾಗಿಸಿದವರು ಅವರಲ್ಲಿ ಎಷ್ಟೋ ಜನ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳಗಳ ಕಡೆಯಿಂದ ಬಂದ ಇಂಥ ಕುಟುಂಬಗಳ ಮಕ್ಕಳು ಇಲ್ಲಿನ ಕನ್ನಡ ಶಾಲೆಗಳ ಬೆಂಚುಗಳ ಮೇಲೆ ಕುಳಿತಿದ್ದಾರೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಅವರಿಗೆ ಕಲಿಸುತ್ತೇವೆ. ಒಬ್ಬರ ಕೈ ಕೆಸರಾಗಿ ಇನ್ನೊಬ್ಬರ ಬಾಯಿ ಮೊಸರಾಗುವುದನ್ನು ಆ ಮಕ್ಕಳು ಮನೆಯಲ್ಲಿಯೇ ಕಂಡಿದ್ದಾರೆ. ತಂದೆಯ ಕೂಲಿಯನ್ನು ಗುತ್ತಿಗೆದಾರನು ಹಿಡಿದಿಟ್ಟುಕೊಂಡಾಗ ‘ಅದು ಸಮಾಜದ ದೋಷ’ ಎಂದು ಆ ಮಗುವಿಗೆ ಹೇಳುವುದೆಂದರೆ, ಕೇಳಬೇಕಾದವನನ್ನು ಕೇಳಬೇಡವೆಂದು ಕಲಿಸಿದಂತೆಯೇ ಸರಿ. ಅದೇ ತರಗತಿಯಲ್ಲಿ ಕಚೇರಿಯ ನೌಕರರ ಮಕ್ಕಳೂ ಇರುತ್ತಾರೆ. ನಾಳೆ ಕೂಲಿಯ ಪಟ್ಟಿಗೆ ರುಜು ಹಾಕುವ ಕೈ ಅವರದಾಗಬಹುದು. ಆ ಕೈಗೂ ಈ ಪಾಠ ಬೇಕು.

ಮಕ್ಕಳಿಗೇಕೆ ಈ ಕಹಿ, ನಾಟಕವಿರುವುದು ರಸಾನಂದಕ್ಕಲ್ಲವೇ ಎನ್ನುವವರಿಗೆ ನಮ್ಮ ಉತ್ತರವಿಷ್ಟೆ. ಬಾಣವು ಹಿಂದಿರುಗಿದ ಕ್ಷಣದಲ್ಲಿ ಪ್ರೇಕ್ಷಕನ ಮೈ ಜುಮ್ಮೆನ್ನುವುದು ನ್ಯಾಯವು ದಾರಿ ಕಂಡುಕೊಂಡದ್ದರಿಂದ. ಆ ನ್ಯಾಯವನ್ನು ತೆಗೆದುಹಾಕಿದರೆ ಉಳಿಯುವ ರಸವಾವುದು?

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇದು. ನಾಟಕದ ಪಾಠವಾದ ಮೇಲೆ ‘ಕವಿಯ ಸಂದೇಶವೇನು?’ ಎಂದು ಕೇಳುವುದನ್ನು ಕೆಲಕಾಲ ಬಿಡೋಣ. ‘ಈ ಕೇಡಿನಲ್ಲಿ ಯಾರ ಯಾರ ಕೈಯಿದೆ? ಅವರು ಬೇರೆ ಬಗೆಯಲ್ಲಿ ನಡೆಯಬಹುದಾಗಿತ್ತೇ? ನಡೆಯದೆ ಇದ್ದುದರಿಂದ ಅವರಿಗಾದ ಲಾಭವೇನು?’ ಎಂದು ಕೇಳೋಣ. ‘ಸಮಾಜ’ ಎಂದು ಬರೆದ ವಿದ್ಯಾರ್ಥಿಗೆ ‘ಹೆಸರು ಹೇಳು’ ಎಂದು ಉತ್ತರವನ್ನು ಹಿಂದಿರುಗಿಸೋಣ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ಪ್ರೀಸ್ಟ್‌ಲೀಯ ನಾಟಕದಲ್ಲಿ, ಬಂದವನು ನಿಜವಾದ ಅಧಿಕಾರಿಯಲ್ಲವೆಂಬ ಅನುಮಾನ ಬಂದೊಡನೆ ಹಿರಿಯರು ನಕ್ಕು ಹಗುರಾಗುತ್ತಾರೆ; ಮಗಳೂ ಮಗನೂ ಮಾತ್ರ ನಗಲಾರರು. ಯಾರು ಕೇಳಿದರೆಂಬುದು ಅವರಿಗೆ ಮುಖ್ಯವಲ್ಲ, ತಾವು ಮಾಡಿದ್ದೇನೆಂಬುದು ಮುಖ್ಯ. ಆ ಮನೆಯಲ್ಲಿ ಎಳೆಯರೇ ಮೊದಲು ಹೊಣೆಯನ್ನು ಹೊತ್ತರು. ನಮ್ಮ ಮನೆಗಳಲ್ಲಿಯೂ ಸಂಘಗಳಲ್ಲಿಯೂ ಅದು ಮೊದಲಾಗಬೇಕಾದರೆ ನಿಮ್ಮಿಂದಲೇ ಆಗಬೇಕು.