ಅಂತರಜಾಲವೂ ಒಂದು ಹಕ್ಕೇ?



ಕಳೆದ ತಿಂಗಳು ಇಳಕಲ್ಲಿಗೆ ಹೋಗಿದ್ದಾಗ, ನಮ್ಮ ದೂರದ ಸಂಬಂಧಿಗಳಾದ ವೃದ್ಧೆಯೊಬ್ಬರನ್ನು ಪಡಿತರ ಅಂಗಡಿಗೆ ಕರೆದೊಯ್ಯುವ ಪ್ರಸಂಗ ಒದಗಿತು. ಐವತ್ತು ವರ್ಷ ಮಗ್ಗದ ಮುಂದೆ ಕುಳಿತು ಸೀರೆ ನೇಯ್ದ ಕೈಗಳು ಅವರವು. ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಯಂತ್ರದ ಮೇಲೆ ಹೆಬ್ಬೆರಳು ಒತ್ತಿದರು, ಒಪ್ಪಲಿಲ್ಲ. ತೋರುಬೆರಳು ಒತ್ತಿದರು, ಅದೂ ಒಪ್ಪಲಿಲ್ಲ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. “ಸರ್ವರ್ ಇಲ್ರಿ, ನಾಳೆ ಬರ್ರಿ” ಎಂಬ ಉತ್ತರ ಬಂತು. ಮರಳುವಾಗ ಆ ತಾಯಿ ನನ್ನನ್ನು ಕೇಳಿದರು: “ನಾ ಇಲ್ಲೇ ನಿಂತೀನಲ್ಲೋ ತಮ್ಮಾ, ನಾ ನಾನಲ್ಲ ಅಂತ ಹೇಳಾಂವ ಯಾರು?”

ಅಂತರಜಾಲದ ಸಂಪರ್ಕವನ್ನು ಮಾನವ ಹಕ್ಕೆಂದು ಮನ್ನಿಸಬೇಕೇ ಎಂಬ ಚರ್ಚೆಯನ್ನು ಪತ್ರಿಕೆಗಳಲ್ಲಿ ಓದುತ್ತ ಬಂದವನು ನಾನು. ಅದು ದೊಡ್ಡ ನಗರಗಳ ವಿದ್ಯಾವಂತರ ಪ್ರಶ್ನೆಯೆಂದು ಬಹುಕಾಲ ಭಾವಿಸಿದ್ದೆ. ಆ ತಾಯಿಯ ಮಾತು ಕೇಳಿದ ಮೇಲೆ ಹಾಗೆ ಭಾವಿಸಲಾರೆ.

ನನ್ನ ಬಾಲ್ಯದಲ್ಲಿ ಹುನಗುಂದ, ಬಾದಾಮಿ, ಬಾಗಲಕೋಟೆಗಳೆಲ್ಲ ವಿಜಾಪುರ ಜಿಲ್ಲೆಗೆ ಸೇರಿದ್ದವು. ಒಂದು ಕಾಗದದ ಸಲುವಾಗಿ ನಮ್ಮ ತಂದೆಯವರು ಬುತ್ತಿ ಕಟ್ಟಿಕೊಂಡು ನಸುಕಿನ ಬಸ್ಸಿಗೆ ವಿಜಾಪುರಕ್ಕೆ ಹೊರಡುತ್ತಿದ್ದರು. ಸಾಹೇಬರು ಇಲ್ಲದಿದ್ದರೆ ಮತ್ತೊಂದು ದಿನ, ಮತ್ತೊಂದು ಬುತ್ತಿ. 1997ರಲ್ಲಿ ಬಾಗಲಕೋಟೆಯೇ ಜಿಲ್ಲೆಯಾಯಿತು. ಕಚೇರಿ ಹತ್ತಿರ ಬಂತು. ಅನಂತರ ‘ಭೂಮಿ’ ಯೋಜನೆಯಿಂದ ಹೊಲದ ಪಹಣಿ ಗಣಕಯಂತ್ರಕ್ಕೆ ಸೇರಿತು. ಇದರಿಂದ ರೈತನಿಗೆ ಉಪಕಾರವೇ ಆಗಿದೆ, ಅಲ್ಲಗಳೆಯಲಾರೆ. ಆದರೆ ಇಂದು ಪಡಿತರ, ವಿದ್ಯಾರ್ಥಿವೇತನ, ಪಿಂಚಣಿ ಎಲ್ಲಕ್ಕೂ ಬಾಗಿಲು ಅದೊಂದೇ ಆಗುತ್ತಿದೆ. ಉಳಿದ ಬಾಗಿಲುಗಳನ್ನು ಸರಕಾರವೇ ಮುಚ್ಚುತ್ತ ಬಂದ ಮೇಲೆ, ತೆರೆದಿರುವ ಒಂದು ಬಾಗಿಲಿನ ಪ್ರವೇಶ ಉಪಕಾರವಾಗಿ ಉಳಿಯದು. ಅದು ಹಕ್ಕೇ ಆಗಬೇಕು.

ನ್ಯಾಯಾಲಯಗಳೂ ಮೆಲ್ಲನೆ ಇದೇ ದಾರಿಯಲ್ಲಿ ನಡೆದಿವೆ. ವಿದ್ಯಾರ್ಥಿನಿಲಯದಲ್ಲಿ ಮೊಬೈಲಿಗೆ ಹಾಕಿದ ನಿರ್ಬಂಧವನ್ನು ಪ್ರಶ್ನಿಸಿ ಹೊರಹಾಕಲ್ಪಟ್ಟ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ ಕೇರಳ ಹೈಕೋರ್ಟು 2019ರಲ್ಲಿ, ಅಂತರಜಾಲದ ಬಳಕೆ ಶಿಕ್ಷಣದ ಹಕ್ಕಿನ ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದಿತು. ಅಂತರಜಾಲದ ಮೂಲಕ ಮಾತನಾಡುವ, ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆಯಿದೆ, ಅನಿರ್ದಿಷ್ಟ ಕಾಲ ಅದನ್ನು ನಿಲ್ಲಿಸಲಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಗುರುತಿನ ಪರೀಕ್ಷೆಗೆ ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿಯ ಸಂತ್ರಸ್ತರು ಹಾಗೂ ಅಂಧರ ಮೊರೆ ಕೇಳಿ, ಡಿಜಿಟಲ್ ಸೇವೆಗಳ ಲಭ್ಯತೆ 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಅಡಗಿದೆ ಎಂದು ತೀರ್ಪಿತ್ತಿತು. ಹೊರದೇಶಗಳಲ್ಲಿ ಫಿನ್ಲೆಂಡ್ 2010ರಲ್ಲಿಯೇ ಒಂದು ಮೆಗಾಬಿಟ್ ವೇಗದ ಸಂಪರ್ಕವನ್ನು ಪ್ರತಿ ನಾಗರಿಕನ ಹಕ್ಕಾಗಿಸಿತ್ತು.

ಆಕ್ಷೇಪಗಳು ಇಲ್ಲವೆಂದಲ್ಲ. “ಕುಡಿಯಲು ನೀರಿಲ್ಲದ ಊರಿಗೆ ನೆಟ್ ಏತಕ್ಕೆ?” ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನೀರಿನ ದೂರನ್ನೇ ಇಂದು ಮೊಬೈಲಿನಲ್ಲಿ ದಾಖಲಿಸಿ ಎನ್ನುತ್ತಾರಲ್ಲ ಎಂದೆ, ಅವರು ನಕ್ಕರು. ಅಂತರಜಾಲದ ಜನಕರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರೇ 2012ರಲ್ಲಿ, ತಂತ್ರಜ್ಞಾನವು ಹಕ್ಕುಗಳಿಗೆ ಸಾಧನವೇ ಹೊರತು ತಾನೇ ಹಕ್ಕಲ್ಲ ಎಂದು ವಾದಿಸಿದರು. ತೂಕವುಳ್ಳ ಮಾತು. ಆದರೆ ಶಾಲೆಯ ಕಟ್ಟಡವೂ ಸಾಧನವೇ. ಶಿಕ್ಷಣ ಹಕ್ಕಾದ ಮೇಲೆ, ಮಗುವಿನ ಮನೆಯ ಸಮೀಪ ಶಾಲೆ ಇರಬೇಕೆಂದು ಕಾನೂನು ಹೇಳಲಿಲ್ಲವೇ? ಸಾಧನವಿಲ್ಲದೆ ತಲುಪಲಾಗದ ಹಕ್ಕು ಕಾಗದದ ಮೇಲಿನ ಅಕ್ಷರವಷ್ಟೆ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಲೇಬೇಕು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ, ನಿವೃತ್ತಿಗೆ ಒಂದು ವರ್ಷವಿದ್ದ ನಾನು ಹತ್ತನೆಯ ತರಗತಿಗೆ ವಾಟ್ಸಾಪಿನಲ್ಲಿ ಪಾಠ ಕಳುಹಿಸುತ್ತಿದ್ದೆ. ಒಬ್ಬ ಹುಡುಗಿಯಿಂದ ಒಂದು ಉತ್ತರವೂ ಬರಲಿಲ್ಲ. ನನ್ನ ವಹಿಯಲ್ಲಿ ಅವಳ ಹೆಸರಿನ ಮುಂದೆ “ಆಸಕ್ತಿ ಇಲ್ಲ” ಎಂದು ಬರೆದೆ. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಗಿ, ಅವಳ ಊರಿನ ಗುಡಿಯ ಕಟ್ಟೆಯ ಮೇಲೆ ಪಾಠ ಮಾಡಲು ಹೋದಾಗ ಅವಳು ಒಂದು ನೋಟುಪುಸ್ತಕ ತಂದಿಟ್ಟಳು. ನಾನು ಕಳುಹಿಸಿದ ಪ್ರತಿಯೊಂದು ಪಾಠವೂ ಅಲ್ಲಿತ್ತು. ಮನೆಗೆ ಒಂದೇ ಫೋನು; ಅದು ಗಾಡಿ ಓಡಿಸುವ ಅಣ್ಣನ ಬಳಿ. ಅವನು ರಾತ್ರಿ ಹತ್ತಕ್ಕೆ ಬಂದ ಮೇಲೆ, ಅವನು ಮಲಗಿದಾಗ, ಅವಳು ಕೈಯಿಂದ ನಕಲು ಮಾಡಿಕೊಂಡಿದ್ದಳು. ಉತ್ತರ ಕಳುಹಿಸುವಷ್ಟು ಡೇಟಾ ಉಳಿಯುತ್ತಿರಲಿಲ್ಲ. ಬಿ.ಎಡ್. ಓದಿ, ಮಕ್ಕಳ ಮನಸ್ಸು ಅರಿಯಬಲ್ಲೆನೆಂದು ನಂಬಿದ್ದ ನಾನು ನೆಟ್‌ವರ್ಕಿನ ಕೊರತೆಯನ್ನು ಮಗುವಿನ ಕೊರತೆಯೆಂದು ಬರೆದಿದ್ದೆ. ಆ ಎರಡು ಪದಗಳನ್ನು ಹೊಡೆದುಹಾಕಿದೆ. ಮನಸ್ಸಿನಿಂದ ಅವು ಅಳಿದಿಲ್ಲ.

ಆದುದರಿಂದ ನನ್ನ ಅಭಿಪ್ರಾಯವಿದು. ಅಂತರಜಾಲದ ಸಂಪರ್ಕ ಹಕ್ಕೆಂದು ಸ್ಪಷ್ಟವಾಗಿ ಮನ್ನಿತವಾಗಲಿ. ಇಂದು ಅರಿವು ಕೇಂದ್ರಗಳೆನಿಸಿರುವ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಯಾವ ಮಗುವೂ, ಯಾವ ರೈತನೂ ಹಣವಿಲ್ಲದೆ ಅದನ್ನು ಬಳಸುವಂತಾಗಲಿ. ಆದರೆ ಈ ಹಕ್ಕಿಗೆ ಇನ್ನೊಂದು ಮಗ್ಗುಲೂ ಇರಬೇಕು: ಅಂತರಜಾಲ ಇಲ್ಲದವನಿಗೂ, ಬಾರದವನಿಗೂ, ಬೇಡವೆಂದವನಿಗೂ ಸೇವೆ ನಿಲ್ಲಬಾರದು. ಬೆರಳಚ್ಚು ಹೊಂದದ ಕಾರಣಕ್ಕೆ ಪಡಿತರ ನಿರಾಕರಿಸಬಾರದೆಂದು ಕೇಂದ್ರವು 2017ರಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಆ ಸೂಚನೆ ಅಂಗಡಿಯ ಕಟ್ಟೆಯವರೆಗೆ ತಲುಪಬೇಕಾಗಿದೆ. ಕಾಗದದ ವಹಿಯೊಂದು ಮೂಲೆಯಲ್ಲಿದ್ದರೆ ಯಂತ್ರಕ್ಕೇನೂ ಅವಮಾನವಲ್ಲ. ಮೊದಲ ಮಗ್ಗುಲು ಆ ಹುಡುಗಿಗೆ, ಎರಡನೆಯದು ಆ ಅಜ್ಜಿಗೆ. ಒಂದನ್ನು ಕೊಟ್ಟು ಇನ್ನೊಂದನ್ನು ಮರೆತರೆ ನ್ಯಾಯ ಅರ್ಧವಾದೀತು.

ಮರುದಿನ ನಾವು ಮತ್ತೆ ಹೋದೆವು. ನಾಲ್ಕನೆಯ ಬೆರಳನ್ನು ಯಂತ್ರ ಒಪ್ಪಿತು; ಅಕ್ಕಿ ದೊರೆಯಿತು. ಆ ತಾಯಿ ಸಂತೋಷದಿಂದಲೇ ಮನೆಗೆ ನಡೆದರು. ಒಪ್ಪದಿದ್ದರೆ ಐದನೆಯ ಬೆರಳೊಂದು ಉಳಿದಿತ್ತು ಎಂಬುದಷ್ಟೇ ನನ್ನ ತಲೆಯಲ್ಲಿ ಸುಳಿಯುತ್ತಿತ್ತು.

ನಿಮ್ಮಲ್ಲಿ ಹಲವರು ಇಂದು ಗಣಕಯಂತ್ರದ ಉದ್ಯೋಗದಲ್ಲಿದ್ದೀರಿ, ಕೆಲವರು ಸರಕಾರಿ ಸೇವೆಯಲ್ಲಿದ್ದೀರಿ. ನನ್ನ ವಿಚಾರದಲ್ಲಿ ದೋಷವಿದ್ದರೆ ತಿದ್ದಿರಿ. ತಿದ್ದಿಸಿಕೊಳ್ಳಲು ಈ ಮಾಸ್ತರನಿಗೆ ಸಂಕೋಚವಿಲ್ಲ.