ಕಂಪ್ಯೂಟರ್ ಒಳಗೆ ರೈಲುದಾರಿ ಹಾಕೋರಿಗೆ ನನ್ನದೊಂದು ಮಾತು

ಮೂವತ್ತೆರಡು ವರ್ಷದ ಗಂಡಸು, ಒಂದು ಮಗುವಿನ ತಂದೆ, ಶನಿವಾರ ಬೆಳಿಗ್ಗೆ ಕಾಫಿ ಕುಡಿದವನೇ ಕಂಪ್ಯೂಟರ್ ಮುಂದೆ ಕೂತು ಆಟದ ರೈಲಿಗೆ ದಾರಿ ಹಾಕ್ತಾನೆ ಅಂದ್ರೆ ನೀವೇನಂತೀರಿ? ನಾನೂ ಅದನ್ನೇ ಅಂದೆ. ಇವನಿಗೆ ಇನ್ನೂ ಬುದ್ಧಿ ಬಲಿತಿಲ್ಲ ಅಂದೆ. ನಮ್ಮ ಯಜಮಾನ್ರು ಇವತ್ತಿಗೂ ಅದನ್ನೇ ಅಂತವ್ರೆ. ನಾನು ಮಾತ್ರ ಮಾತು ಬದಲಾಯಿಸಿದೀನಿ. ಪೂರ್ತಿ ಅಲ್ಲ, ಮುಕ್ಕಾಲು.

ಮಗ ಇರೋದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಊರಾಚೆ ಪಾಕೆನ್‌ಹ್ಯಾಮ್ ಕಡೆ. ಮೊಮ್ಮಗಳನ್ನ ನೋಡ್ಕೊಳ್ಳೋಕೆ ಅಂತ ಡಿಸೆಂಬರ್‌ನಲ್ಲಿ ಹೋಗಿ ಮೂರು ತಿಂಗಳು ಇದ್ದು ಬಂದ್ವಿ. ಅವನು ದಿನಾ ಕೆಲಸಕ್ಕೆ ಹೋಗೋದು ಪಾಕೆನ್‌ಹ್ಯಾಮ್ ಲೈನಿನ ರೈಲಲ್ಲಿ. ಅದೇ ಲೈನನ್ನ ಇದ್ದದ್ದು ಇದ್ದಂಗೆ ಕಂಪ್ಯೂಟರ್ ಒಳಗೆ ಕಟ್ತಾವ್ನೆ. ಆ ಆಟದ ಹೆಸರು ಟ್ರೈನ್ಜ್. ಅದನ್ನ 2001ರಲ್ಲಿ ಮೊದಲು ತಂದಿದ್ದು ಅದೇ ದೇಶದ ಬ್ರಿಸ್ಬೇನ್‌ನ ಒಂದು ಕಂಪನಿ. ರೈಲು ಓಡಿಸೋದು ಅದರಲ್ಲಿ ಒಂದು ಭಾಗ, ದಾರಿ ಕಟ್ಟೋದು ಇನ್ನೊಂದು ಭಾಗ, ಕಟ್ಟೋದಕ್ಕೆ ಸರ್ವೇಯರ್ ಅಂತ ಹೆಸರಿಟ್ಟವ್ರೆ. ನನ್ನ ಮಗ ರೈಲು ಓಡಿಸಿದ್ದು ನಾನು ಒಂದು ದಿನವೂ ನೋಡ್ಲಿಲ್ಲ. ಬರೀ ಕಟ್ಟೋದೇ.

ಕಟ್ಟೋದು ಅಂದ್ರೆ ಏನು ಅಂತ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಹುಳಿಗೆ ಹುರುಳಿಕಾಯಿ ಬಿಡಿಸ್ತಾ ನೋಡ್ದೆ. ಮೊದಲು ಖಾಲಿ ನೆಲ. 720 ಮೀಟರ್ ಉದ್ದ, 720 ಮೀಟರ್ ಅಗಲದ ಒಂದು ಹಲಗೆ. ಅಂಥವನ್ನ ಒಂದರ ಪಕ್ಕ ಒಂದು ಜೋಡಿಸ್ಕೊಂಡು ಹೋಗ್ಬೇಕು, ಚಾಪೆ ಮೇಲೆ ಹಪ್ಪಳ ಹಾಕಿದಂಗೆ. ನಿಜವಾದ ನೆಲದ ಏರುತಗ್ಗಿನ ಲೆಕ್ಕ ತಂದು ಅದರ ಮೇಲೆ ಕೂರಿಸ್ಬೇಕು. ಆಮೇಲೆ ಹಳಿ. ಹಳಿಯ ತಿರುವು ಎಲ್ಲಿ ಶುರು, ಎಲ್ಲಿ ಮುಗೀತು, ಏರು ಎಷ್ಟು ಅಂತ ನೋಡ್ಬೇಕು. ಪ್ಲಾಟ್‌ಫಾರಂ, ಸಿಗ್ನಲ್, ಕರೆಂಟ್ ಕಂಬ, ಬೇಲಿ, ರಸ್ತೆ, ಮನೆ, ಮರ, ಕೊನೆಗೆ ಹುಲ್ಲು. ಅಲ್ಲಿನ ತಂತಿಯಲ್ಲಿ ಹರಿಯೋದು 1500 ವೋಲ್ಟ್ ಡಿಸಿ, ನಮ್ಮ ಕಡೆ 25,000 ವೋಲ್ಟ್ ಎಸಿ. ಅದಕ್ಕೇ ಕಂಬ, ತಂತಿ, ಮಧ್ಯದ ಪಿಂಗಾಣಿ ಬಟ್ಟಲು ಎಲ್ಲಾ ಬೇರೆ ಥರ ಇರ್ತವಂತೆ. ನಮ್ಮ ಕಂಬ ತಂದು ಅಲ್ಲಿ ನೆಟ್ರೆ ಗೊತ್ತಿರೋರು ನಗ್ತಾರೆ ಅಂದ. ಹಳಿ ವಿಷ್ಯಾನೂ ಅಂಗೇ. ಬ್ರಾಡ್‌ಗೇಜ್ ಅಂತ ಅವ್ರೂ ಅಂತಾರೆ, ನಾವೂ ಅಂತೀವಿ. ಅವ್ರದು 1600 ಮಿಲಿಮೀಟರ್, ನಮ್ದು 1676. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ 1435, ಮೇಲ್ಗಡೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1067. ಒಂದೇ ದೇಶದಲ್ಲಿ ಮೂರು ಒಲೆ ಹೂಡಿದಂಗೆ.

ಇದರಲ್ಲಿ ನನಗೆ ಹಿಡಿಸಿದ್ದು ಒಂದು ಕಷ್ಟ. ಈಗಿನ ಕಾಲದ ದಾರಿ ಕಟ್ಟೋಕೆ ಹೊರಟೋನಿಗೆ ಈಗ ಅನ್ನೋದೇ ಕೈಗೆ ಸಿಗಲ್ಲ. ಮೆಲ್ಬರ್ನ್‌ನಲ್ಲಿ 2015ರಿಂದ ರೈಲ್ವೆ ಗೇಟುಗಳನ್ನ ಒಂದೊಂದೇ ತೆಗೀತಾ ಬಂದವ್ರೆ. ಇವನ ಲೈನಿನಲ್ಲಿ ಕಾಲ್‌ಫೀಲ್ಡ್‌ನಿಂದ ಡ್ಯಾಂಡೆನಾಂಗ್‌ವರೆಗೆ 9 ಗೇಟು ತೆಗೆದು, ಹಳೀನೇ ಮೇಲಕ್ಕೆ ಎತ್ತಿ, 5 ಸ್ಟೇಷನ್ ಹೊಸದಾಗಿ ಕಟ್ಟಿ 2018ರಲ್ಲಿ ಮುಗಿಸಿದ್ರು. ಕೆಳಗಡೆ ಈಗ ಜನ ನಾಯಿ ಹಿಡ್ಕೊಂಡು ಓಡಾಡ್ತಾರೆ, ಸೈಕಲ್ ತುಳೀತಾರೆ. 2024ರಲ್ಲಿ ಪಾಕೆನ್‌ಹ್ಯಾಮ್ ಸ್ಟೇಷನ್ನೂ ಮೇಲಕ್ಕೆ ಹೋಯ್ತು, ಅದರಿಂದಾಚೆ ಈಸ್ಟ್ ಪಾಕೆನ್‌ಹ್ಯಾಮ್ ಅಂತ ಇನ್ನೊಂದು ಬಂತು. ಇವನು ಹಳೇ ಪಾಕೆನ್‌ಹ್ಯಾಮನ್ನ ನೆಲದ ಮೇಲೆ ಚೆನ್ನಾಗಿ ಕಟ್ಟಿ ಮುಗಿಸಿದ್ನಂತೆ. ಎಲ್ಲಾ ಕಿತ್ತು ಮತ್ತೆ ಮೊದಲಿಂದ. ಅಳೋ ಮುಖ ಮಾಡ್ಕೊಂಡು ಹೇಳ್ದ. ಬೆಳಿಗ್ಗೆ ಗುಡಿಸಿದ ಮನೇನ ಸಂಜೆ ಮತ್ತೆ ಗುಡಿಸೋ ನನಗೆ ಅದು ಅರ್ಥವಾಗದೆ ಇರುತ್ತಾ?

ನಾನು ಬಾಯಿ ಹಾಕಿದ್ದು ಹುಲ್ಲಿನ ವಿಷ್ಯಕ್ಕೆ. ಒಂದಿನ ಪರದೆ ಮೇಲೆ ನೋಡ್ತೀನಿ, ಹಳಿ ಪಕ್ಕ ಎಲ್ಲಾ ಗಿಣಿಹಸಿರು. ಹೊರಗೆ ಕಿಟಕಿಯಲ್ಲಿ ನೋಡಿದ್ರೆ ರಾಗಿ ಹುಲ್ಲಿನ ಮೆದೆ ಬಣ್ಣ, ಒಣಗಿ ಬೆಳ್ಳಗಾಗೈತೆ. "ಇದು ಯಾವ ತಿಂಗಳ ರೈಲು ಮಗಾ?" ಅಂದೆ. "ಜನವರಿ ಅಮ್ಮ, ಬೇಸಿಗೆ" ಅಂದ. "ಬೇಸಿಗೇಲಿ ನಿಮ್ಮೂರ ಹುಲ್ಲು ಇಷ್ಟು ಹಸಿರಾಗಿ ಎಲ್ಲೈತೆ ತೋರ್ಸು" ಅಂದೆ. ಅಲ್ಲಿ ಹುಲ್ಲು ಹಸಿರಾಗೋದು ಚಳಿಗಾಲದ ಮಳೆಗೆ, ಜೂನ್ ಜುಲೈನಲ್ಲಿ. ಏಳು ವರ್ಷದಿಂದ ಅದೇ ದಾರಿಯಲ್ಲಿ ಓಡಾಡೋನು ನೋಡಿಲ್ಲ. ರೈಲಲ್ಲಿ ಕೂತ್ರೆ ಫೋನ್ ನೋಡ್ತಾನೆ, ಇನ್ನೆಲ್ಲಿ ಹುಲ್ಲು.

ಆಮೇಲೆ ಮರ. ಅಲ್ಲಿ ಎಲ್ಲಿ ನೋಡಿದ್ರೂ ನೀಲಗಿರಿ. ಅದು ಅವ್ರ ದೇಶದ ಮರವೇ, ಟಿಪ್ಪು ಕಾಲದಲ್ಲಿ ನಮ್ಮ ನಂದಿಬೆಟ್ಟಕ್ಕೆ ಬಂತು ಅಂತಾರೆ. ನಂದಿಬೆಟ್ಟದಲ್ಲಿ ಬೆಳೆದ ತಳೀನೇ ಆಮೇಲೆ ಮೈಸೂರು ಗಮ್ ಅಂತ ಹೆಸರಾಯ್ತು. ದೇವನಹಳ್ಳಿ, ಹೊಸಕೋಟೆ, ಕೋಲಾರದ ಕಡೆ ಹೊಲ ಹೊಲವೇ ನೀಲಗಿರಿ ತೋಪಾಗಿ, ನೀರು ಕುಡಿಯುತ್ತೆ ಅಂತ ಗಲಾಟೆಯಾಗಿ, 2017ರಲ್ಲಿ ಹೊಸದಾಗಿ ನೆಡಬಾರ್ದು ಅಂತ ನಮ್ಮ ಸರ್ಕಾರ ನಿಲ್ಲಿಸ್ತು. ಮರ ಒಳ್ಳೇದೋ ಕೆಟ್ಟದ್ದೋ ಅದು ಬೇರೆ ಮಾತು. ಚಿಕ್ಕೋಳಾಗಿದ್ದಾಗಿಂದ ಅದರ ಒಣಗಿದ ಎಲೆ ಗುಡಿಸಿ ತಂದು ನೀರೊಲೆಗೆ ಹಾಕಿದೋಳು ನಾನು. ಮಗ ನೆಟ್ಟಿದ್ದ ಮರದ ಕೆಳಗೆ ಕಪ್ಪಗೆ ನೆರಳು ಬಿದ್ದಿತ್ತು. "ಇದು ಹೊಂಗೆ ನೆರಳು ಕಣೋ, ನೀಲಗಿರಿದಲ್ಲ" ಅಂದೆ. ನೀಲಗಿರಿ ಎಲೆ ಅಡ್ಡ ಹರಡ್ಕೊಳ್ಳಲ್ಲ, ಕುಡುಗೋಲಿನಂಗೆ ಕೆಳಕ್ಕೆ ಜೋತು ಬೀಳುತ್ತೆ. ಬಿಸಿಲು ಸಂದಿಯಲ್ಲಿ ಇಳಿದು ನೆಲಕ್ಕೆ ಬಂದೇ ಬರುತ್ತೆ. ತೋಪಿನಲ್ಲಿ ಮಧ್ಯಾಹ್ನ ಕೂತು ಬುತ್ತಿ ಬಿಚ್ಚಿದೋರಿಗೆ ಗೊತ್ತು, ಅದು ನೆರಳಲ್ಲ, ನೆರಳಿನ ಆಸೆ. ತೊಗಟೆ ಪಟ್ಟಿ ಪಟ್ಟಿಯಾಗಿ ಸುಲಿದು ನೇತಾಡುತ್ತೆ, ಬುಡದಲ್ಲಿ ರಾಶಿ ಬಿದ್ದಿರುತ್ತೆ. ಇವನ ಮರದ ಬುಡ ದೇವಸ್ಥಾನದ ಅಂಗಳದಂಗೆ ಶುಭ್ರವಾಗಿತ್ತು. ನಮ್ಮ ಕಡೆ ಸಾಲಾಗಿ ನೆಟ್ಟ ತೋಪು, ಅಲ್ಲಿ ತಾವಾಗಿ ಬೆಳೆದು ಸೊಟ್ಟ ಪಟ್ಟ ನಿಂತ ಮರಗಳು, ಅಷ್ಟೇ ವ್ಯತ್ಯಾಸ. ಎರಡು ಶನಿವಾರ ಕೂತು ನೆರಳು ತೆಳ್ಳಗೆ ಮಾಡ್ದ, ತೊಗಟೆ ಉದುರಿಸ್ದ. ಆ ಮೇಲೆ ನೋಡಿದ್ರೆ ನನಗೇ ಒಂದು ಕ್ಷಣ ಕಿಟಕಿಯಾಚೆ ನೋಡ್ದಂಗಾಯ್ತು.

ನನ್ನ ಅಭಿಪ್ರಾಯ ಇಲ್ಲೇ ಐತೆ. ಈ ದಾರಿ ಕಟ್ಟೋ ಹುಡುಗರು ಅಳತೆಗೆ ಸಾಯ್ತಾರೆ. ಬೋಗಿ ಎಷ್ಟು, ಪ್ಲಾಟ್‌ಫಾರಂ ಎಷ್ಟುದ್ದ, ಸಿಗ್ನಲ್ ಯಾವ ಕಡೆ. ಅದು ಬೇಕು, ಬೇಡ ಅನ್ನಲ್ಲ. ಈಗ ಆ ಲೈನಿನಲ್ಲಿ ಓಡೋದು 7 ಬೋಗಿಯ ಹೊಸ ರೈಲು, ಅದಕ್ಕೆ 6 ಬೋಗಿ ಹಾಕಿದ್ರೆ ತಪ್ಪೇ. ಆದ್ರೆ ಆಕಾಶದಿಂದ ತೆಗೆದ ಫೋಟೋ ನೋಡಿ ಮನೆಯ ತಾರಸಿ ಎಲ್ಲೈತೆ ಅಂತ ಗೊತ್ತಾಗುತ್ತೆ, ಆ ತಾರಸಿ ಕೆಳಗೆ ಒಣಗಾಕಿದ ಬಟ್ಟೆ ಗೊತ್ತಾಗಲ್ಲ. ಅದನ್ನ ಹಳಿ ಪಕ್ಕ ಬದುಕಿದೋರನ್ನ ಕೇಳ್ಬೇಕು. ಅಂಗಡಿಯೋರನ್ನ, ದನ ಮೇಯಿಸಿದೋರನ್ನ, ಮನೇಲಿರೋ ಹೆಂಗಸರನ್ನ. ಇವ್ರು ಕೇಳಲ್ಲ, ಕೂತು ಕೂತು ಕಂಪ್ಯೂಟರನ್ನೇ ಕೇಳ್ತಾರೆ.

ಇನ್ನು ಆ ಕಾಲು ಭಾಗ, ನಾನು ಒಪ್ಪದೇ ಇರೋದು. ಒಂದು ಸ್ಟೇಷನ್ ಬೋರ್ಡಿನ ಅಕ್ಷರ ಸರಿ ಕಾಣಲಿಲ್ಲ ಅಂತ ಮೂರು ಗಂಟೆ ಕೂತ. ಅದೇ ಹೊತ್ತಲ್ಲಿ ಅಡುಗೆ ಮನೆ ನಲ್ಲಿ ತೊಟ್ಟಿಕ್ತಾ ಇತ್ತು, ಮಗು ಅಳ್ತಾ ಇತ್ತು. ಸೊಸೆ ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಪಾತ್ರೆ ಮಾತ್ರ ಸ್ವಲ್ಪ ಜೋರಾಗಿ ಇಟ್ಟಳು. ಆ ಸದ್ದು ನನಗೆ ಚೆನ್ನಾಗಿ ಅರ್ಥವಾಗುತ್ತೆ, ನಾನೂ ಇಟ್ಟವಳೇ. ರಾತ್ರಿ ಅವಳೇ ಬಂದು, "ಅತ್ತೆ, ಬಿಡಿಸ್ಬೇಡಿ, ಅದಿಲ್ದಿದ್ರೆ ಮಂಕಾಗಿಬಿಡ್ತಾರೆ, ಶನಿವಾರ ಒಂದು ದಿನ ನನಗೆ ಬಿಟ್ರೆ ಸಾಕು" ಅಂದ್ಲು. ಮಗನಿಗೆ ಅಂಗೇ ಹೇಳ್ದೆ. ಭಾನುವಾರ ಬೆಳಿಗ್ಗೆ ನಿನ್ನ ರೈಲು, ಶನಿವಾರ ಅವಳದು, ನಲ್ಲಿ ಇವತ್ತೇ. ನಲ್ಲಿ ಆಯ್ತು. ಶನಿವಾರದ್ದು ನಾವು ಬಂದ ಮೇಲೆ ಎಷ್ಟು ದಿನ ನಡೀತೋ.

ಬರೋ ಮುಂಚೆ ಅಲ್ಲಿ ಪಫಿಂಗ್ ಬಿಲ್ಲಿ ಅಂತ ಒಂದು ಸಣ್ಣ ರೈಲಿಗೆ ಕರ್ಕೊಂಡೋದ. ಬೆಲ್‌ಗ್ರೇವ್ ಅನ್ನೋ ಕಡೆಯಿಂದ ಕಾಡಿನೊಳಗೆ ಗೆಂಬ್ರೂಕ್‌ವರೆಗೆ ಹೋಗುತ್ತೆ, ಹೊಗೆ ಉಗುಳೋ ಇಂಜಿನ್. ಜನ ಕಿಟಕಿ ಮೇಲೆ ಕೂತು ಕಾಲು ಹೊರಗೆ ಇಳಿಬಿಟ್ಕೊಂಡವ್ರೆ, ನಮ್ಮ ಯಜಮಾನ್ರೂ ಇಳಿಬಿಟ್ರು. ಹಳಿ ನೋಡಿದ್ದೇ ನನ್ನ ಎದೆ ಧಸಕ್ಕಂತು. ಅದು ನಮ್ಮೂರ ಹಳಿ. ಮಗನ್ನ ಅಳತೆ ಕೇಳ್ದೆ, 762 ಮಿಲಿಮೀಟರ್ ಅಂದ. ಎರಡೂವರೆ ಅಡಿ. ನಮ್ಮ ಚಿಕ್ಕಬಳ್ಳಾಪುರದ ಸಣ್ಣ ರೈಲಿನ ಅಳತೆ ಅದೇ!

ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಯಲಹಂಕದಿಂದ ದೊಡ್ಡಜಾಲ, ದೇವನಹಳ್ಳಿ, ನಮ್ಮ ಆವತಿಹಳ್ಳಿ, ನಂದಿ ದಾಟಿ ಚಿಕ್ಕಬಳ್ಳಾಪುರಕ್ಕೆ ಓಡ್ತಾ ಇದ್ದಿದ್ದು ಎರಡೂವರೆ ಅಡಿ ಹಳಿ, 1915ರ ಕಾಲದ್ದು. ಪಿಯುಸಿ ಓದುವಾಗ ಅದರಲ್ಲಿ ಕೂತೋಳು ನಾನು. ನಿಧಾನ ಅಂದ್ರೆ ಅಷ್ಟು ನಿಧಾನ, ಬಸ್ಸು ತಪ್ಪಿದೋರು ಮಾತ್ರ ಹತ್ತೋರು. 1990ರ ದಶಕದಲ್ಲಿ ಅದನ್ನ ಕಿತ್ತು ಬ್ರಾಡ್‌ಗೇಜ್ ಹಾಕಿದ್ರು. ಬೇಸರ ಮಾಡ್ಕೊಳ್ಳೋಕಾಗಲ್ಲ, ದೊಡ್ಡ ಹಳಿ ಬರದಿದ್ರೆ 2022ರ ಡಿಸೆಂಬರ್‌ನಲ್ಲಿ ನಂದಿಗೆ ಮೆಮು ರೈಲು ಬರ್ತಿರಲಿಲ್ಲ, 2021ರಲ್ಲಿ ಏರ್‌ಪೋರ್ಟಿಗೆ ಹಾಲ್ಟ್ ಆಗ್ತಿರಲಿಲ್ಲ. ಪಫಿಂಗ್ ಬಿಲ್ಲಿನೂ 1953ರಲ್ಲಿ ಗುಡ್ಡ ಕುಸಿದು ನಿಂತೇ ಹೋಗಿತ್ತಂತೆ. ಊರೋರು ಸಂಘ ಕಟ್ಕೊಂಡು, ಸಂಬಳವಿಲ್ಲದೆ ಮಣ್ಣು ಹೊತ್ತು, 1962ರಲ್ಲಿ ಮತ್ತೆ ಓಡಿಸಿದ್ರು. ನಮ್ಮಲ್ಲಿ ಹಳಿ ಹೋಯ್ತು, ಕಲ್ಲು ಕಟ್ಟಡ ಉಳಿದವೆ. ನಂದಿ ಹಾಲ್ಟ್ ಸ್ಟೇಷನ್ನನ್ನ ಇಂಟ್ಯಾಕ್‌ನೋರು ಸೇರ್ಕೊಂಡು ಚೊಕ್ಕ ಮಾಡವ್ರೆ.

ಆ ರೈಲಿಂದ ಇಳಿದು ಬರ್ತಾ ಕೇಳ್ದೆ, "ಅಲ್ಲಯ್ಯಾ, ಪರದೇಶದ ದಾರಿಗೆ ಇಷ್ಟು ಕಷ್ಟ ಪಡ್ತೀಯ, ನಮ್ಮ ಯಲಹಂಕ ಚಿಕ್ಕಬಳ್ಳಾಪುರದ್ದು ಯಾಕೆ ಕಟ್ಲಿಲ್ಲ?" ಅಂತ. ಅಲ್ಲಿಂದು ಎಲ್ಲಾ ಸಿಗುತ್ತೆ, ಟೈಂಟೇಬಲ್ಲು, ನಕ್ಷೆ, ಯಾರೋ ಮಾಡಿಟ್ಟ ಬೋಗಿ ಅಂತ ಏನೇನೋ ಹೇಳ್ದ. ಸ್ವಲ್ಪ ದೂರ ಕಾರು ಓಡಿಸಿ ಆಮೇಲೆ, "ಇದನ್ನ ದಿನಾ ನೋಡ್ತೀನಿ ಅಮ್ಮ, ತಪ್ಪಿದ್ರೆ ನಾಳೆ ನೋಡಿ ತಿದ್ಕೋಬಹುದು. ಅದನ್ನ ನೆನಪಿಂದ ಮಾಡ್ಬೇಕು. ಕೂತಾಗ ನೆನಪಾಗದೆ ಹೋದ್ರೆ ಅಂತ ಭಯ" ಅಂದ. ಹದಿನೆಂಟಕ್ಕೆ ಹಾಸ್ಟೆಲ್ ಸೇರಿದೋನು, ಆಮೇಲೆ ಈ ದೇಶ. ನಾನು ಕಿಟಕಿ ಕಡೆ ತಿರುಗಿ ಕೂತೆ.

ಊರಿಗೆ ಬಂದು ಎರಡು ವಾರಕ್ಕೆ ವಾಟ್ಸಾಪ್‌ನಲ್ಲಿ ಒಂದು ಪ್ರಶ್ನೆ ಬಂತು. ಆವತಿಹಳ್ಳಿ ಸ್ಟೇಷನ್ನಿನ ಕಲ್ಲು ಕಟ್ಟಡಕ್ಕೆ ಮುಂದುಗಡೆ ಎಷ್ಟು ಕಂಬ, ಬಾಗಿಲು ಯಾವ ಕಡೆ, ಅಂತ. ಯಜಮಾನ್ರ ಹತ್ರ ಏನೂ ಹೇಳದೆ ಬೆಳಿಗ್ಗೆ ಸೊಪ್ಪು ತರೋಕೆ ಅಂತ ಹೊರಟೆ. ಎಣಿಸ್ದೆ, ಫೋಟೋ ತೆಗ್ದೆ, ಹೆಜ್ಜೆ ಹಾಕಿ ಉದ್ದ ಅಳೆದೆ, ಒಂದು ಹೆಜ್ಜೆ ಎಷ್ಟು ಅಂತ ಮನೇಗ್ಬಂದು ಟೇಪ್ ಹಿಡಿದು ನೋಡ್ಕೊಂಡೆ. ಅಲ್ಲಿಂದ ತಿಮ್ಮರಾಯಸ್ವಾಮಿ ಬೆಟ್ಟ ಎಂಗೆ ಕಾಣುತ್ತೆ ಅಂತ ಬೇರೆ ಒಂದು ಫೋಟೋ ಕಳಿಸಿದೀನಿ, ಅದನ್ನ ಅವನು ಕೇಳಿರಲಿಲ್ಲ.

ನಿನ್ನೆ ಇನ್ನೊಂದು ಬಂತು. ಸಣ್ಣ ರೈಲಿನ ಕಾಲದಲ್ಲಿ ಸ್ಟೇಷನ್ ಮುಂದೆ ಯಾವ ಮರ ಇತ್ತು ಅಂತ. ನನಗೆ ಹುಣಸೆ ಅಂತ ನೆನಪು, ಯಜಮಾನ್ರು ಆಲ ಅಂತ ಹಠ ಹಿಡಿದವ್ರೆ. ರಾತ್ರಿ ಊಟಕ್ಕೆ ಕೂತು ಅರ್ಧ ಗಂಟೆ ವಾದ ಮಾಡಿದ್ರು, ರೈಲು ಆಟ ಅಂತ ಬೈಯ್ಯೋ ಮನುಷ್ಯ. ಹಿಂದಿನ ಬೀದಿ ಮುನಿಯಮ್ಮಜ್ಜಿಗೆ ಎಂಬತ್ತು ದಾಟೈತೆ, ಚಕ್ಕೋತ ಹೊತ್ತು ಆ ರೈಲಲ್ಲಿ ಸಂತೆಗೆ ಹೋಗ್ತಿದ್ದೋರು. ನಾಳೆ ಅವ್ರನ್ನ ಕೇಳ್ಕೊಂಡು ಬರ್ತೀನಿ.