ಕಿರ್ದಿ-ಖಾತೆ: ಅಮೇರಿಕದಲ್ಲಿ ಓದುವ ಮಕ್ಕಳ ತೆರಿಗೆ ಲೆಕ್ಕ



ಜತ್ತ ತಾಲೂಕಿನ ಸಾಧರ್ಮಿ ಬಂಧುವೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮಗಳು ಅಮೇರಿಕದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅಲ್ಲಿ ಆಕೆಗೆ ಗಳಿಕೆಯೇ ಇಲ್ಲ, ಖರ್ಚೆಲ್ಲ ಇಲ್ಲಿಂದಲೇ ಹೋಗುತ್ತದೆ. ಆದರೂ ತೆರಿಗೆ ಇಲಾಖೆಗೆ ಕಾಗದ ಕಳಿಸಬೇಕೆಂದು ಕಾಲೇಜಿನವರು ಹೇಳಿದ್ದಾರಂತೆ. ಇದು ನಿಜವೇ, ತಾವು ಕಳಿಸಿದ ಹಣಕ್ಕೂ ಅಲ್ಲಿ ತೆರಿಗೆ ಬೀಳುವುದೇ ಎಂದು ಕೇಳಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಒಂದಿಬ್ಬರು ಹಿರಿಯರೂ ಭೇಟಿಯಾದಾಗ ಇದನ್ನೇ ಕೇಳಿದರು. ಆದ್ದರಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ನಮ್ಮ ಹಿರಿಯರು ೧೮೯೯ರಲ್ಲಿ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆಯನ್ನು ಕಟ್ಟಿದಾಗ ಹಳ್ಳಿಯ ಮಕ್ಕಳು ಕೊಲ್ಲಾಪುರ, ಸಾಂಗ್ಲಿಯ ಬೋರ್ಡಿಂಗಿನಲ್ಲಿದ್ದು ಓದಿದರೆ ಸಾಕೆಂಬ ಆಸೆಯಿತ್ತು. ಈಗ ಅದೇ ಮನೆತನಗಳ ಮಕ್ಕಳು ಟೆಕ್ಸಾಸ್, ನ್ಯೂಯಾರ್ಕ್‌ವರೆಗೆ ಹೋಗಿದ್ದಾರೆ. ಇದು ಸಂತೋಷದ ಮಾತು. ಆದರೆ ಮಗುವಿನ ಜೊತೆ ಉಪ್ಪಿನಕಾಯಿ, ಮೆಂತ್ಯದ ಹಿಟ್ಟು ಕಟ್ಟಿಕೊಡುವ ನಾವು ಲೆಕ್ಕದ ನಾಲ್ಕು ಮಾತನ್ನೂ ಕಟ್ಟಿಕೊಡುವುದು ಅವಶ್ಯವಾಗಿದೆ.

ಮೊದಲು ವರ್ಷದ ವಿಚಾರ. ನಮ್ಮ ಅಂಗಡಿಯ ವರ್ಷ ಮಹಾವೀರ ಸ್ವಾಮಿಯ ನಿರ್ವಾಣದ ದೀಪಾವಳಿಗೆ ತಿರುಗುತ್ತದೆ. ನಮ್ಮ ಸರಕಾರದ ವರ್ಷ ಏಪ್ರಿಲ್ ೧ಕ್ಕೆ ಆರಂಭವಾಗುತ್ತದೆ. ಅಮೇರಿಕದ ತೆರಿಗೆಯ ವರ್ಷವಾದರೋ ಜನವರಿ ೧ರಿಂದ ಡಿಸೆಂಬರ್ ೩೧. ಮಗು ಆಗಸ್ಟಿನಲ್ಲಿ ಹೋಗಿ ಇಳಿದರೂ ಆ ವರ್ಷದ ಐದು ತಿಂಗಳಿಗೆ ಒಂದು ಲೆಕ್ಕ ಆಗಲೇ ಹುಟ್ಟಿತೆಂದು ತಿಳಿಯಬೇಕು.

ಈಗ ಪತ್ರದ ಪ್ರಶ್ನೆಗೆ ಬರೋಣ. ಎಫ್-೧ ವೀಸಾದ ಮೇಲೆ ಹೋದ ವಿದ್ಯಾರ್ಥಿ ಒಂದು ಡಾಲರನ್ನೂ ಗಳಿಸದಿದ್ದರೂ ೮೮೪೩ ಎಂಬ ಫಾರ್ಮನ್ನು ತುಂಬಿ ಕಳಿಸಬೇಕು. ಇದು ತೆರಿಗೆಯ ಫಾರ್ಮಲ್ಲ. ನಾನು ವಿದ್ಯಾರ್ಥಿ, ಇಂಥ ವೀಸಾದಲ್ಲಿದ್ದೇನೆ, ಇಷ್ಟು ದಿನ ಇಲ್ಲಿದ್ದೆ, ಇಂಥ ಕಾಲೇಜಿನಲ್ಲಿ ಓದುತ್ತಿದ್ದೇನೆ ಎಂದು ಬರೆದು ಸಹಿ ಮಾಡಿಕೊಡುವ ಹೇಳಿಕೆ ಅಷ್ಟೆ. ಗಳಿಕೆ ಇಲ್ಲದವರು ಮುಂದಿನ ವರ್ಷದ ಜೂನ್ ೧೫ರೊಳಗೆ ಇದನ್ನು ಅಂಚೆಯಲ್ಲಿ ಆಸ್ಟಿನ್ ನಗರದ ತೆರಿಗೆ ಕೇಂದ್ರಕ್ಕೆ ಕಳಿಸತಕ್ಕದ್ದು. ನೌಕರಿ ಮಾಡದವರಿಗೆ ಅಲ್ಲಿಯ ಸೋಶಿಯಲ್ ಸೆಕ್ಯುರಿಟಿ ನಂಬರು ಇರುವುದಿಲ್ಲ. ಈ ಒಂದು ಫಾರ್ಮಿನ ಸಲುವಾಗಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಂಡ ಓದುತ್ತಿದ್ದು ಹೆಂಡತಿ, ಮಕ್ಕಳು ಎಫ್-೨ ವೀಸಾದಲ್ಲಿ ಜೊತೆಗಿದ್ದರೆ ತೊಟ್ಟಿಲ ಕೂಸನ್ನೂ ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಫಾರ್ಮು ಬೇಕು.

ತಂದೆತಾಯಿ ಊರಿಂದ ಕಳಿಸಿದ ಹಣಕ್ಕೆ ಅಲ್ಲಿ ತೆರಿಗೆ ಇಲ್ಲ. ಭಾರತ ಮತ್ತು ಅಮೇರಿಕದ ಸರಕಾರಗಳು ೧೯೮೯ರಲ್ಲಿ ಒಂದು ತೆರಿಗೆ ಒಪ್ಪಂದಕ್ಕೆ ಸಹಿ ಮಾಡಿದವು. ೧೯೯೦ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂದಿತು. ಅದರ ೨೧ನೆಯ ಕಲಮು ವಿದ್ಯಾರ್ಥಿಗಳಿಗಾಗಿಯೇ ಇದೆ. ಹೊರಗಿನಿಂದ ಊಟ, ವಸತಿ, ಓದಿಗೆಂದು ಬರುವ ಹಣ ತೆರಿಗೆಗೆ ಹೊರತೆಂದು ಅದರ ಮೊದಲ ಭಾಗ ಹೇಳುತ್ತದೆ. ಜತ್ತದ ಬಂಧುಗಳು ಈ ವಿಷಯದಲ್ಲಿ ನಿಶ್ಚಿಂತರಾಗಿರಬಹುದು.

ಎರಡನೆಯ ಭಾಗ ಗಳಿಸುವ ಮಕ್ಕಳಿಗೆ ಸಂಬಂಧಿಸಿದ್ದು. ಕಾಲೇಜು ನಡೆದಿರುವಾಗ ವಾರಕ್ಕೆ ೨೦ ತಾಸಿನವರೆಗೆ ವಿದ್ಯಾಲಯದ ಆವರಣದಲ್ಲಿಯೇ ಕೆಲಸ ಮಾಡಲು ಅನುಮತಿ ಇರುತ್ತದೆ. ಗ್ರಂಥಾಲಯದಲ್ಲಿ, ಪ್ರಯೋಗಶಾಲೆಯಲ್ಲಿ ನಮ್ಮ ಮಕ್ಕಳು ದುಡಿಯುತ್ತಾರೆ. ಅಮೇರಿಕದ ಪ್ರಜೆಗಳಿಗೆ ಆದಾಯದ ಮೊದಲ ಒಂದು ಮೊತ್ತವನ್ನು ಲೆಕ್ಕದಿಂದ ಬಿಡುವ ಪದ್ಧತಿಯಿದೆ. ಅದಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಎನ್ನುತ್ತಾರೆ. ಒಂಟಿ ವ್ಯಕ್ತಿಗೆ ೨೦೨೪ರಲ್ಲಿ ಅದು ೧೪,೬೦೦ ಡಾಲರ್, ೨೦೨೫ರಲ್ಲಿ ೧೫,೭೫೦ ಡಾಲರ್ ಇತ್ತು. ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ಈ ವಿನಾಯಿತಿ ಸಿಗುವುದಿಲ್ಲ. ಒಪ್ಪಂದದ ಬೇರೆ ರಿಯಾಯತಿ ಇಲ್ಲದವರಿಗೆ ಮೊದಲ ಡಾಲರಿನಿಂದಲೇ ತೆರಿಗೆ ಶುರುವಾಗುತ್ತದೆ. ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಒಪ್ಪಂದದ ಬಲದಿಂದ ಅದು ದೊರೆಯುತ್ತದೆ.

ಒಂದು ಉದಾಹರಣೆ ಕೊಡುತ್ತೇವೆ. ಹುಡುಗಿಯೊಬ್ಬಳು ೨೦೨೫ರಲ್ಲಿ ಗ್ರಂಥಾಲಯದ ಕೆಲಸದಿಂದ ೯,೦೦೦ ಡಾಲರ್ ಗಳಿಸಿದಳೆನ್ನೋಣ. ಒಪ್ಪಂದವಿಲ್ಲದ ದೇಶದವಳಾಗಿದ್ದರೆ ನೂರಕ್ಕೆ ಹತ್ತರಂತೆ ೯೦೦ ಡಾಲರ್ ತೆರಿಗೆ. ನಮ್ಮವಳಿಗೆ ಸೊನ್ನೆ. ಹುಡುಗನೊಬ್ಬ ಓದು ಮುಗಿಸಿ ತರಬೇತಿಯ ನೌಕರಿಗೆ ಸೇರಿ ಅದೇ ವರ್ಷದ ಉಳಿದ ತಿಂಗಳಲ್ಲಿ ೨೦,೦೦೦ ಡಾಲರ್ ಪಡೆದನೆನ್ನೋಣ. ಅವನಿಗೆ ೪,೨೫೦ ಡಾಲರಿನ ಮೇಲೆ ಮಾತ್ರ ತೆರಿಗೆ, ಅಂದರೆ ೪೨೫ ಡಾಲರ್. ಆದಾಯ ವಿನಾಯಿತಿಯ ಮಿತಿಯೊಳಗಿದ್ದರೆ ಒಂಟಿಯಾಗಿರುವ ನಮ್ಮ ವಿದ್ಯಾರ್ಥಿ ಕೇಂದ್ರ ಸರಕಾರಕ್ಕೆ ರಿಟರ್ನ್ ಕೊಡಲೇಬೇಕೆಂದಿಲ್ಲ. ಆದರೆ ಪಗಾರದಲ್ಲಿ ಮುರಿದುಕೊಂಡ ತೆರಿಗೆ ಮರಳಿ ಬರಬೇಕಾದರೆ ಕೊಡಲೇಬೇಕು. ಸಾಮಾನ್ಯವಾಗಿ ಮೂರು ವರ್ಷದೊಳಗೆ ಕೇಳದಿದ್ದರೆ ಆ ಹಣ ಅಲ್ಲಿಯ ಖಜಾನೆಗೇ ಉಳಿಯುತ್ತದೆ. ಮಗು ರಾತ್ರಿ ಕುಳಿತು ದುಡಿದ ಹಣ ಅಲಕ್ಷ್ಯದಿಂದ ಹೋಗಬಾರದು.

ಇದಕ್ಕೆ ಬೇಕಾದ ಫಾರ್ಮು ೧೦೪೦-ಎನ್‌ಆರ್. ಜೊತೆಗೆ ಮೇಲೆ ಹೇಳಿದ ೮೮೪೩. ಪಗಾರವಿದ್ದವರಿಗೆ ಕೊನೆಯ ದಿನ ಏಪ್ರಿಲ್ ೧೫. ಕೆಲಸ ಕೊಟ್ಟವರು ಜನವರಿ ಅಂತ್ಯದ ಸುಮಾರಿಗೆ ಡಬ್ಲ್ಯೂ-೨ ಎಂಬ ಪಗಾರದ ಚೀಟಿ ಕೊಡುತ್ತಾರೆ. ವಿದ್ಯಾರ್ಥಿವೇತನಕ್ಕೆ ೧೦೪೨-ಎಸ್ ಎಂಬ ಚೀಟಿ ಬರುವುದುಂಟು. ವಿದ್ಯಾರ್ಥಿವೇತನದಲ್ಲಿ ಶುಲ್ಕ, ಪುಸ್ತಕಗಳಿಗೆ ಹೋದ ಭಾಗಕ್ಕೆ ತೆರಿಗೆಯಿಲ್ಲ. ಊಟ, ಕೋಣೆ ಬಾಡಿಗೆಗೆ ಕೊಟ್ಟ ಭಾಗ ಆದಾಯವೆನಿಸುತ್ತದೆ. ಪಗಾರದಿಂದ ಸೋಶಿಯಲ್ ಸೆಕ್ಯುರಿಟಿ ಹಾಗೂ ಮೆಡಿಕೇರ್ ಎಂದು ನೂರಕ್ಕೆ ೭.೬೫ರಂತೆ ಮುರಿಯುವ ವಾಡಿಕೆಯಿದೆ. ಮೊದಲ ವರ್ಷಗಳ ಎಫ್-೧ ವಿದ್ಯಾರ್ಥಿಗೆ ಅದು ಅನ್ವಯಿಸುವುದಿಲ್ಲ. ಮುರಿದಿದ್ದರೆ ಮೊದಲು ಕೆಲಸ ಕೊಟ್ಟವರನ್ನೇ ಕೇಳಿ ವಾಪಸು ಪಡೆಯಬೇಕು. ಅವರು ಕೊಡದಿದ್ದರೆ ೮೪೩ನೆಯ ಫಾರ್ಮಿನಲ್ಲಿ ಇಲಾಖೆಗೆ ಅರ್ಜಿ ಹಾಕಬಹುದು. ೯,೦೦೦ ಡಾಲರಿಗೆ ಇದೇ ೬೮೮ ಡಾಲರ್ ಆಗುತ್ತದೆ, ಅಲಕ್ಷ್ಯ ಮಾಡುವಂಥ ಮೊತ್ತವಲ್ಲ.

ಕೇಂದ್ರದ್ದು ಮುಗಿದ ಮೇಲೆ ರಾಜ್ಯದ್ದೂ ಇದೆ. ಟೆಕ್ಸಾಸ್, ಫ್ಲಾರಿಡಾ ರಾಜ್ಯಗಳಲ್ಲಿ ಪಗಾರದ ಮೇಲೆ ರಾಜ್ಯದ ತೆರಿಗೆಯಿಲ್ಲ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಲ್ಲಿ ಇದೆ. ಕ್ಯಾಲಿಫೋರ್ನಿಯಾವಂತೂ ಕೇಂದ್ರ ಮಾಡಿಕೊಂಡ ಒಪ್ಪಂದವನ್ನು ತನ್ನ ತೆರಿಗೆಗೆ ಮನ್ನಿಸುವುದಿಲ್ಲ. ಆದ್ದರಿಂದ ಮಗು ಯಾವ ರಾಜ್ಯದಲ್ಲಿದೆ ಎಂಬುದನ್ನು ನೋಡಿಯೇ ಮುಂದುವರಿಯಬೇಕು.

ಇನ್ನು ಮುಖ್ಯವಾದ ಮಾತು. ಅಲ್ಲಿ ೧೦೪೦ ಎಂಬ ಇನ್ನೊಂದು ಫಾರ್ಮಿದೆ. ಅದು ಅಲ್ಲಿಯ ಪ್ರಜೆಗಳಿಗೆ ಮತ್ತು ನಿವಾಸಿಗಳಿಗೆ. ನಿವಾಸಿ ಯಾರೆಂಬುದನ್ನು ಅಲ್ಲಿ ಕಳೆದ ದಿನಗಳನ್ನು ಎಣಿಸಿ ತೀರ್ಮಾನಿಸುತ್ತಾರೆ. ಆದರೆ ಎಫ್-೧ ವಿದ್ಯಾರ್ಥಿಯ ಮೊದಲ ಐದು ಕ್ಯಾಲೆಂಡರ್ ವರ್ಷಗಳ ದಿನಗಳನ್ನು ಎಣಿಕೆಗೆ ಹಿಡಿಯುವುದಿಲ್ಲ. ಇಂಥವರನ್ನು ಕಾನೂನು ಎಕ್ಸೆಂಪ್ಟ್ ಎಂದು ಕರೆಯುತ್ತದೆ. ತಮಗೆ ತೆರಿಗೆಯೇ ಮಾಫಿಯಾಯಿತೆಂದು ಇದರಿಂದ ಎಷ್ಟೋ ಮಕ್ಕಳು ತಪ್ಪು ತಿಳಿಯುತ್ತಾರೆ. ಮಾಫಿಯಾದದ್ದು ದಿನಗಳ ಎಣಿಕೆ ಮಾತ್ರ. ೨೦೨೧ರ ಆಗಸ್ಟಿನಲ್ಲಿ ಮೊದಲ ಬಾರಿ ಹೋದವನಿಗೆ ೨೦೨೧ರಿಂದ ೨೦೨೫ರವರೆಗೆ ಐದು ವರ್ಷ ಮುಗಿದವು. ೨೦೨೬ರ ಜನವರಿ ೧ರಿಂದ ಅವನ ದಿನಗಳ ಎಣಿಕೆ ಆರಂಭ.

ನಮ್ಮ ಪರಿಚಯದ ಮನೆತನದ ಹುಡುಗನೊಬ್ಬ ಇಂಜಿನಿಯರಿಂಗ್ ಪದವಿಗೇ ಅಲ್ಲಿಗೆ ಹೋಗಿದ್ದ. ಅಲ್ಲಿಯ ನಿವಾಸಿಗಳಿಗೆ ಕಾಲೇಜು ಶುಲ್ಕದ ಸಲುವಾಗಿ ಒಂದು ತೆರಿಗೆ ರಿಯಾಯತಿ ಇದೆ. ತೆರಿಗೆಯೇ ಬಾಕಿಯಿಲ್ಲದವರಿಗೂ ಅದರಲ್ಲಿ ವರ್ಷಕ್ಕೆ ೧,೦೦೦ ಡಾಲರಿನವರೆಗೆ ಕೈಗೆ ಸಿಗುತ್ತದೆ. ಜೊತೆಗಾರರ ಮಾತು ಕೇಳಿ ಈತ ಮೂರು ವರ್ಷ ೧೦೪೦ ತುಂಬಿ ಆ ಹಣ ಪಡೆದ. ಎಲ್ಲರೂ ಹೀಗೇ ಮಾಡುತ್ತಾರೆ ಎಂಬುದೇ ಆಧಾರ. ಮುಂದೆ ನೌಕರಿ ಸಿಕ್ಕು ಕಾಯಂ ವಾಸದ ಅರ್ಜಿ ಸಿದ್ಧಪಡಿಸುವಾಗ ವಕೀಲರು ಹಳೆಯ ರಿಟರ್ನ್‌ಗಳನ್ನು ತೆಗೆಸಿದರು. ವೀಸಾದಲ್ಲಿ ವಿದ್ಯಾರ್ಥಿ, ತೆರಿಗೆಯಲ್ಲಿ ನಿವಾಸಿ! ಎರಡೂ ಅವನದೇ ಸಹಿ. ೧೦೪೦-ಎಕ್ಸ್ ಎಂಬ ತಿದ್ದುಪಡಿಯ ಫಾರ್ಮು ವರ್ಷಕ್ಕೊಂದರಂತೆ ಸಲ್ಲಿಸಿ, ಪಡೆದದ್ದನ್ನು ಬಡ್ಡಿಸಹಿತ ಕಟ್ಟುವವರೆಗೆ ಆ ಮನೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ತಾಯಿ ನಮ್ಮೆದುರು ಕಣ್ಣೀರು ಹಾಕಿದರು. ಹುಡುಗ ಕೆಟ್ಟವನಲ್ಲ, ದಿನಾಲೂ ಣಮೋಕಾರ ಜಪಿಸುವವನು. ಅವನಿಗೆ ಇದು ಪಾಪದ ಬಾಬತ್ತೆಂದು ಯಾರೂ ಹೇಳಿರಲಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ವ್ರತಗಳಿಗೆ ಬರುವ ಅತಿಚಾರಗಳನ್ನು ಎಣಿಸಿದ್ದಾರೆ. ಸತ್ಯಾಣುವ್ರತಕ್ಕೆ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ. ಅಚೌರ್ಯಾಣುವ್ರತಕ್ಕೆ ವಿರುದ್ಧರಾಜ್ಯಾತಿಕ್ರಮ, ಎಂದರೆ ರಾಜ್ಯದ ಕಟ್ಟಳೆ ಮೀರಿದ ವ್ಯವಹಾರ. ತೂಕ, ಅಳತೆಯಲ್ಲಿ ಮೋಸ ಮಾಡುವುದರ ಪಕ್ಕದಲ್ಲಿಯೇ ಅದನ್ನು ಇಟ್ಟಿದ್ದಾರೆ. ತಕ್ಕಡಿ ಹಿಡಿಯುವ ನಾವು ಅಂಗಡಿಯಲ್ಲಿ ಇದನ್ನು ಪಾಲಿಸುತ್ತೇವೆ. ಪರದೇಶದ ಫಾರ್ಮಿನ ಒಂದು ಚೌಕದಲ್ಲಿ ಗುರುತು ಹಾಕುವಾಗಲೂ ಅದೇ ವ್ರತ ಅನ್ವಯಿಸುತ್ತದೆಂದು ಮಕ್ಕಳಿಗೆ ಬಿಡಿಸಿ ಹೇಳಬೇಕು. ಒಪ್ಪಂದ ಕೊಟ್ಟ ವಿನಾಯಿತಿ ನಮ್ಮ ನ್ಯಾಯವಾದ ಹಕ್ಕು, ಸಂಕೋಚವಿಲ್ಲದೆ ತೆಗೆದುಕೊಳ್ಳಬೇಕು. ನಿವಾಸಿಯೆಂದು ಬರೆದು ಪಡೆಯುವ ಸಾವಿರ ಡಾಲರ್ ಯಾರೂ ನಮಗೆ ಕೊಟ್ಟದ್ದಲ್ಲ.

ಐದು ವರ್ಷ ದಾಟಿ ಮಗು ತೆರಿಗೆಯ ದೃಷ್ಟಿಯಿಂದ ನಿವಾಸಿಯಾದ ಮೇಲೆ ಇನ್ನೊಂದು ಜವಾಬ್ದಾರಿ ಬರುತ್ತದೆ. ಇದು ಮಕ್ಕಳಿಗಿಂತ ಅಜ್ಜಂದಿರಿಗೆ ಹೆಚ್ಚು ಸಂಬಂಧಿಸಿದ್ದು. ಮೊಮ್ಮಗನ ಹೆಸರಿನಲ್ಲಿ ಠೇವಣಿ ಇಡುವುದು, ಖಾತೆಗೆ ಅವನ ಹೆಸರನ್ನೂ ಸೇರಿಸುವುದು ನಮ್ಮಲ್ಲಿ ರೂಢಿ. ಆಗ ಅವನು ಊರಿನ ಬಡ್ಡಿಯನ್ನೂ ಅಲ್ಲಿಯ ಆದಾಯದಲ್ಲಿ ತೋರಿಸಬೇಕು. ಪರದೇಶದ ಎಲ್ಲ ಖಾತೆಗಳು ಸೇರಿ ವರ್ಷದಲ್ಲಿ ಒಂದು ದಿನ ೧೦,೦೦೦ ಡಾಲರ್ ಮೀರಿದರೂ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿ ಕೊಡಬೇಕು. ಜಂಟಿ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ತನ್ನ ಹೆಸರಿನಲ್ಲಿ ಠೇವಣಿ ಇದೆಯೆಂದು ಮೊಮ್ಮಗನಿಗೇ ಗೊತ್ತಿಲ್ಲದಿದ್ದರೆ ಅವನು ಏನು ಬರೆದಾನು? ಪರಿಗ್ರಹ ಪರಿಮಾಣ ವ್ರತದಲ್ಲಿ ಮಿತಿ ಹಾಕಿಕೊಳ್ಳುವ ಮೊದಲು ಇರುವುದನ್ನು ಎಣಿಸಬೇಕಲ್ಲವೇ. ಆ ಎಣಿಕೆಯ ಒಂದು ಪ್ರತಿಯನ್ನು ಮಕ್ಕಳಿಗೂ ಕೊಟ್ಟಿಡಿರಿ.

ಊರಿನ ಕಡೆಯ ಎರಡು ಮಾತು. ಓದಿಗೆ ಹಣ ಕಳಿಸುವಾಗ ಒಂದು ಆರ್ಥಿಕ ವರ್ಷದಲ್ಲಿ ಮಿತಿ ದಾಟಿದರೆ ಬ್ಯಾಂಕಿನವರು ಟಿಸಿಎಸ್ ವಸೂಲು ಮಾಡುತ್ತಾರೆ. ೨೦೨೫ರ ಏಪ್ರಿಲ್ ೧ರಿಂದ ಆ ಮಿತಿಯನ್ನು ೭ ಲಕ್ಷದಿಂದ ೧೦ ಲಕ್ಷ ರೂಪಾಯಿಗೆ ಏರಿಸಿದರು. ಗೊತ್ತುಪಡಿಸಿದ ಸಂಸ್ಥೆಗಳ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕೆ ಅದನ್ನು ತೆಗೆದೇ ಹಾಕಿದರು. ವಸೂಲಾದದ್ದು ಖರ್ಚಲ್ಲ, ಕಳಿಸಿದವರ ರಿಟರ್ನಿನಲ್ಲಿ ಜಮೆ ಹಿಡಿಯಬೇಕಾದದ್ದು. ಎರಡನೆಯದು, ಆಗಸ್ಟಿನಲ್ಲಿ ಹೊರಟ ಮಗು ಆ ಆರ್ಥಿಕ ವರ್ಷದ ಮಟ್ಟಿಗೆ ಇಲ್ಲಿಯೂ ನಿವಾಸಿಯಾಗಿ ಉಳಿಯಬಹುದು. ಆದ್ದರಿಂದ ಪಾಸ್‌ಪೋರ್ಟಿನ ಮುದ್ರೆಗಳ ಪ್ರತಿ ಹಿಡಿದು ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿರಿ.

ಇಷ್ಟೆಲ್ಲ ಮಗು ಒಬ್ಬಂಟಿಯಾಗಿ ಹೇಗೆ ಮಾಡೀತು ಎಂದು ತಾಯಂದಿರು ಗಾಬರಿಯಾಗಬಾರದು. ಬಹುತೇಕ ವಿದ್ಯಾಲಯಗಳಲ್ಲಿ ಪರದೇಶದ ವಿದ್ಯಾರ್ಥಿಗಳಿಗಾಗಿಯೇ ಒಂದು ಕಚೇರಿ ಇರುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಅನೇಕ ಕಡೆ ಅವರು ತೆರಿಗೆಯ ತಿಳುವಳಿಕೆ ಸಭೆ ನಡೆಸುತ್ತಾರೆ, ಕೆಲವರು ೧೦೪೦-ಎನ್‌ಆರ್ ತುಂಬುವ ಕಂಪ್ಯೂಟರ್ ಸಾಧನವನ್ನೂ ಬಿಟ್ಟಿಯಾಗಿ ಒದಗಿಸುತ್ತಾರೆ. ಅಲ್ಲಿಯ ಪ್ರಜೆಗಳು ಬಳಸುವ ಸಾಮಾನ್ಯ ಸಾಧನಗಳು ನಮ್ಮ ಮಕ್ಕಳನ್ನು ತಪ್ಪಾಗಿ ೧೦೪೦ಕ್ಕೇ ಒಯ್ಯುವ ಸಂಭವವಿದೆ. ಹೆಚ್ಚು ರಿಫಂಡ್ ಕೊಡಿಸುತ್ತೇವೆಂದು ನೂರಕ್ಕಿಷ್ಟು ಕೇಳುವ ದಲಾಲರಿಂದಲೂ ದೂರವಿರಲಿ. ಕೊನೆಗೆ ಸಹಿ ಮಗುವಿನದೇ, ದಲಾಲನದಲ್ಲ.

ಹೊರಡುವ ಮಗುವಿಗೆ ಒಂದು ಗಟ್ಟಿ ಫೈಲು ಕೊಡಿಸಿರಿ. ವೀಸಾ, ಐ-೨೦, ಹೋದ-ಬಂದ ದಿನಾಂಕ, ಪಗಾರದ ಚೀಟಿ, ಕಳಿಸಿದ ಪ್ರತಿಯೊಂದು ಫಾರ್ಮಿನ ನಕಲು, ಅಂಚೆಯ ರಸೀದಿ, ಎಲ್ಲವೂ ವರ್ಷವಾರು ಅದರಲ್ಲಿರಲಿ. ಜನವರಿ ಬಂತೆಂದರೆ ದೂರವಾಣಿಯಲ್ಲಿ ಊಟವಾಯಿತೇ, ಚಳಿ ಹೇಗಿದೆ ಎಂದು ಕೇಳುವಾಗ ೮೮೪೩ ತುಂಬಿದೆಯಾ ಎಂದೂ ಒಂದು ಮಾತು ಕೇಳಿರಿ. ಜತ್ತದ ಬಂಧುಗಳ ಮಗಳು ಈ ಸಲದ ಫಾರ್ಮು ಕಳಿಸಿದ ಸುದ್ದಿಯನ್ನು ಅವರ ಮುಂದಿನ ಪತ್ರದಲ್ಲಿ ಓದಲು ಕಾದಿರುತ್ತೇವೆ.